ದಾವಣಗೆರೆಯಲ್ಲಿದ್ದುಕೊಂಡು ಇಂಡೀ ರಾಕ್ ಕೇಳುವ ಬಗೆ

ದಾವಣಗೆರೆಯಲ್ಲಿ ಗಿಟಾರ್ ಕಲಿಸುವವರಿದ್ದಾರೆ. ಕಾಲೇಜು ವಾರ್ಷಿಕೋತ್ಸವಗಳಲ್ಲಿ ವೇದಿಕೆ ಹತ್ತಿ ನಾಲ್ಕು ಸಿನಿಮಾ ಹಾಡು, ಒಂದು ಇಂಗ್ಲಿಷ್ ಹಾಡು ನುಡಿಸಿ ಇಳಿಯುವ ತಂಡಗಳೂ ಇವೆ. ಆದರೆ ಯಾವುದೋ ರೀಲಿನಲ್ಲಿಯೋ ವೆಬ್ ಸರಣಿಯ ಕೊನೆಯಲ್ಲಿಯೋ ಕಿವಿಗೆ ಬಿದ್ದ ಇಂಡೀ ರಾಕ್ (ಇಂಡಿಪೆಂಡೆಂಟ್, ಅಂದರೆ ದೊಡ್ಡ ಕಂಪನಿಗಳಿಂದ ಸ್ವತಂತ್ರವಾದ ರಾಕ್) ಹಾಡೊಂದನ್ನು ಹಿಡಿದು ಮುಂದೆ ಹೋಗಬೇಕೆಂದುಕೊಂಡವರಿಗೆ ದಾರಿ ತೋರಿಸುವ ಅಂಗಡಿಯಾಗಲಿ, ಬಾನುಲಿ ಕೇಂದ್ರವಾಗಲಿ, ವಾರಕ್ಕೊಮ್ಮೆ ಇಂಥ ಸಂಗೀತ ನಡೆಯುವ ಜಾಗವಾಗಲಿ ಊರಿನಲ್ಲಿಲ್ಲ. ಹಾಗಾಗಿ ಹೆಚ್ಚಿನವರು ಆ್ಯಪ್ ತಾನಾಗಿ ಬಡಿಸುವ ಪ್ಲೇಲಿಸ್ಟಿಗೆ ತಮ್ಮನ್ನು ಒಪ್ಪಿಸಿಕೊಳ್ಳುತ್ತಾರೆ. ವರ್ಷ ಕಳೆದರೂ ತಮಗೆ ಇಷ್ಟವಾದದ್ದು ಯಾವ ತಂಡ, ಆ ಹಾಡಿನಲ್ಲಿ ಹಿಡಿಸಿದ್ದೇನು ಎಂದು ಕೇಳಿದರೆ ತಡವರಿಸುತ್ತಾರೆ. ಸ್ವಂತ ಅಭಿರುಚಿಯನ್ನು ಕಂಡುಕೊಳ್ಳುವುದು ಹೇಗೆ, ಈ ಊರಿನಲ್ಲಿದ್ದುಕೊಂಡೇ ಒಳ್ಳೆಯದನ್ನು ಎಲ್ಲಿ ಕೇಳುವುದು ಎಂಬ ಎರಡು ಪ್ರಶ್ನೆಗಳಿಗೆ ಸಂಬಂಧಿಸಿದ ಕೈಪಿಡಿ ಇದು.

ಎರಡನೆಯ ಸಾಲಿನ ಊರುಗಳ ಸಂಗೀತ

ಇಂಡೀ ರಾಕ್ ಹುಟ್ಟಿದ್ದು ಒಂದು ವ್ಯವಹಾರದ ಕ್ರಮವಾಗಿ. ಅದಕ್ಕೆ ತನ್ನದೇ ನಾದಗುಣವಿದೆ ಎಂದು ಜನ ಗುರುತಿಸಿದ್ದು ಆಮೇಲೆ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಎಂಬ ತಂಡ ಲಂಡನ್ನಿನ ದೊಡ್ಡ ಕಂಪನಿಗಳ ಬಾಗಿಲು ಕಾಯದೆ, ಗೆಳೆಯರಿಂದಲೂ ಮನೆಯವರಿಂದಲೂ 500 ಪೌಂಡು ಸಾಲ ಪಡೆದು, ನಾಲ್ಕು ಹಾಡುಗಳ ರೆಕಾರ್ಡ್ ತಟ್ಟೆಯೊಂದನ್ನು 1977ರ ಜನವರಿಯಲ್ಲಿ ತಾನೇ ಹೊರತಂದಿತು. ಮೊದಲು ಒತ್ತಿಸಿದ್ದು ಒಂದು ಸಾವಿರ ಪ್ರತಿ ಮಾತ್ರ. ಯಾವ ಹಾಡನ್ನು ಎಷ್ಟನೆಯ ಸಲ ನುಡಿಸಿದಾಗ ಮುದ್ರಣ ಸರಿಬಂತು, ಮೇಲೆ ಇನ್ನೇನು ಸೇರಿಸಲಾಯಿತು ಎಂಬುದನ್ನೂ ತಟ್ಟೆಯ ಹೊದಿಕೆಯ ಮೇಲೆ ಅಚ್ಚು ಹಾಕಿಸಿದರು. ಹೀಗೆ ಮಾಡಲು ಯಾರಿಗಾದರೂ ಸಾಧ್ಯ ಎಂದು ಆ ಹೊದಿಕೆಯೇ ಸಾರುತ್ತಿತ್ತು. ಮರುವರ್ಷ ಅದೇ ಊರಿನಲ್ಲಿ ಫ್ಯಾಕ್ಟರಿ ರೆಕಾರ್ಡ್ಸ್, ಲಂಡನ್ನಿನ ಅಂಗಡಿಯೊಂದರ ಬೆನ್ನಿಗೆ ರಫ್ ಟ್ರೇಡ್ ಸಂಸ್ಥೆ ಹುಟ್ಟಿಕೊಂಡವು. 1980ರ ಜನವರಿಯ ವೇಳೆಗೆ ಬ್ರಿಟನ್ನಿನಲ್ಲಿ ಇಂಥ ಸ್ವತಂತ್ರ ತಟ್ಟೆಗಳಿಗೆಂದೇ ಪ್ರತ್ಯೇಕ ಮಾರಾಟ ಪಟ್ಟಿ ಪ್ರಕಟವಾಗತೊಡಗಿತು. ಆ ಪಟ್ಟಿಗೆ ಸೇರಲು ಹಾಡು ಹೇಗಿರಬೇಕು ಎಂಬ ನಿಯಮವೇನೂ ಇರಲಿಲ್ಲ, ದೊಡ್ಡ ಕಂಪನಿಗಳ ವಿತರಣೆಯ ಜಾಲದಿಂದ ಹೊರಗಿದ್ದರೆ ಸಾಕಾಗಿತ್ತು.

ಹತ್ತಿ ಗಿರಣಿಗಳ ಕಾರಣಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡು, ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನೂ ಕಂಡಿರುವ ಊರಿನವರಿಗೆ ಆ ಇಂಗ್ಲಿಷ್ ಮ್ಯಾಂಚೆಸ್ಟರಿನ ಹಾಡುಗಳಲ್ಲಿರುವ ಖಾಲಿ ಕಾರ್ಖಾನೆಗಳ ಬೂದು ಬಣ್ಣ ಬೇಗ ಹತ್ತಿರವಾಗುತ್ತದೆ. ವ್ಯವಹಾರದ ಕ್ರಮವೂ ನಮಗೆ ತೀರ ಅಪರಿಚಿತವಲ್ಲ: ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಸ್ವಂತ ಡೇರೆ, ಸ್ವಂತ ಪರದೆ, ಸ್ವಂತ ಟಿಕೇಟುಗಳೊಡನೆ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿದ್ದ ಹಾಗೆಯೇ ಅಮೆರಿಕದ ಇಂಡೀ ತಂಡಗಳು 1980ರ ದಶಕದಲ್ಲಿ ಒಂದು ವ್ಯಾನಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಊರೂರು ಸುತ್ತುತ್ತಿದ್ದವು.

ಇದರಲ್ಲಿ ನಾನು ಮುಖ್ಯವೆಂದು ಭಾವಿಸುವ ಸಂಗತಿ ಇನ್ನೊಂದಿದೆ. ಈ ಸಂಗೀತದ ಬಹುಪಾಲು ಒಳ್ಳೆಯ ಕೆಲಸ ನಡೆದದ್ದು ರಾಜಧಾನಿಗಳಲ್ಲಿ ಅಲ್ಲ, ಎರಡನೆಯ ಸಾಲಿನ ಊರುಗಳಲ್ಲಿ. ಆರ್.ಇ.ಎಂ. ತಂಡ ಬಂದದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಿಂದ. ಪೇವ್‌ಮೆಂಟ್ ಕ್ಯಾಲಿಫೋರ್ನಿಯಾದ ಕೃಷಿ ಸೀಮೆಯ ಸ್ಟಾಕ್ಟನ್ನಿನಿಂದ. ಗೈಡೆಡ್ ಬೈ ವಾಯ್ಸಸ್ ಒಹಾಯೊದ ಡೇಟನ್ನಿನಿಂದ. ದ ಕ್ಲೀನ್ ನ್ಯೂಜಿಲೆಂಡಿನ ದಕ್ಷಿಣ ಭಾಗದ ಡನೀಡಿನ್ನಿನಿಂದ. ಕೇಳಲು ಬೆಂಗಳೂರಿನಲ್ಲಿರಬೇಕು, ಇಂದಿರಾನಗರದ ಪಬ್ಬಿನ ಪರಿಚಯವಿರಬೇಕು ಎಂಬ ಅಳುಕಿದ್ದವರು ಅದನ್ನು ಇಲ್ಲಿಗೇ ಬಿಡಬಹುದು. ಹಾಡಿದವರೂ ನಮ್ಮಂಥ ಊರಿನವರೇ. ಸಂಜೆ ಏಳರ ಮೇಲೆ ಮಾಡಲು ಬೇರೇನೂ ಇಲ್ಲದ್ದರಿಂದಲೇ ಅವರಲ್ಲಿ ಅನೇಕರು ಗ್ಯಾರೇಜಿನಲ್ಲಿ ಕೂಡಿ ನುಡಿಸತೊಡಗಿದ್ದು.

ಕಿವಿಗೆ ಈಗಾಗಲೇ ಗೊತ್ತಿರುವುದರಿಂದ ಆರಂಭಿಸಿ

ಹೊಸಬರು ಮಾಡುವ ಮೊದಲ ಕೆಲಸವೆಂದರೆ ‘ಸಾರ್ವಕಾಲಿಕ ನೂರು ಆಲ್ಬಮ್‌ಗಳು’ ಎಂಬಂಥ ಪಟ್ಟಿಯೊಂದನ್ನು ಹುಡುಕಿ ಒಂದರಿಂದ ಕೇಳಿಕೊಂಡು ಹೋಗುವುದು. ಇದನ್ನು ಮಾಡಬೇಡಿ. ಪಟ್ಟಿ ಇನ್ನೊಬ್ಬರ ಅಭಿರುಚಿಯ ಫಲ. ಅದನ್ನು ಉರು ಹೊಡೆದರೆ ಹೆಸರುಗಳು ಗೊತ್ತಾಗುತ್ತವೆಯೇ ಹೊರತು ನಿಮ್ಮ ಕಿವಿಗೆ ಏನು ಬೇಕು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಬದಲಾಗಿ, ಬಾಲ್ಯದಿಂದ ಬಾಯಿಪಾಠವಾಗಿರುವ ಒಂದು ಹಾಡಿನಿಂದ ಆರಂಭಿಸುವುದು ಮೇಲು.

ನಮ್ಮ ಸೀಮೆಯ ಭಜನಾ ಮಂಡಳಿಗಳಲ್ಲಿ ಕೇಳಿಬರುವ ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಪದವನ್ನು ತೆಗೆದುಕೊಳ್ಳಿ. ಮೊದಲು ಸಿ. ಅಶ್ವತ್ಥ್ ಹಾಡಿರುವುದನ್ನು ಕೇಳಿ. ಬಳಿಕ ರಘು ದೀಕ್ಷಿತ್ ತಮ್ಮ 2008ರ ಮೊದಲ ಆಲ್ಬಮ್ಮಿನಲ್ಲಿ ಹಾಡಿರುವುದನ್ನು ಕೇಳಿ. ಸಾಹಿತ್ಯ ಒಂದೇ ಆದ್ದರಿಂದ ಗಮನವೆಲ್ಲ ಉಳಿದ ಸಂಗತಿಗಳ ಕಡೆಗೆ ತಾನಾಗಿಯೇ ಹೊರಳುತ್ತದೆ: ಕಂಠ ವಾದ್ಯಗಳಿಗಿಂತ ಎಷ್ಟು ಮುಂದೆ ನಿಂತಿದೆ, ತಾಳವನ್ನು ಹೊತ್ತಿರುವುದು ಯಾವುದು, ಗಿಟಾರ್ ರಾಗವನ್ನು ಹಿಂಬಾಲಿಸುತ್ತಿದೆಯೋ ತನ್ನದೇ ದಾರಿ ಹಿಡಿದಿದೆಯೋ, ಕೊನೆಯಲ್ಲಿ ಹಾಡು ಏರುತ್ತದೆಯೋ ಆರುತ್ತದೆಯೋ. ಎರಡರಲ್ಲಿ ಯಾವುದು ಶ್ರೇಷ್ಠ ಎಂಬ ತೀರ್ಪು ಇಲ್ಲಿ ಅನಗತ್ಯ. ಎರಡರಲ್ಲಿ ಯಾವ ಗಳಿಗೆಯಲ್ಲಿ ನಿಮ್ಮ ಮೈ ಎಚ್ಚೆತ್ತಿತು ಎಂಬುದಷ್ಟನ್ನು ಗುರುತು ಹಾಕಿಕೊಂಡರೆ ಸಾಕು.

ಅದಕ್ಕೊಂದು ಪುಸ್ತಕವಿಡಿ. ನಕ್ಷತ್ರ, ಅಂಕ ಏನನ್ನೂ ಕೊಡಬೇಡಿ. ಐದರಲ್ಲಿ ನಾಲ್ಕು ಎಂದು ಬರೆದಿಟ್ಟರೆ ತಿಂಗಳ ನಂತರ ಅದರಿಂದ ಏನೂ ತಿಳಿಯುವುದಿಲ್ಲ. ‘ಎರಡನೆಯ ನಿಮಿಷದ ಹೊತ್ತಿಗೆ ಡ್ರಮ್ಸ್ ನಿಂತು ಬೇಸ್ (ಮಂದ್ರ ಸ್ವರದ ಗಿಟಾರ್) ಒಂದೇ ಉಳಿಯಿತು, ಮತ್ತೆ ಎಲ್ಲ ಸೇರಿದಾಗ ಜೋರಾಗಲಿಲ್ಲ, ಅದು ಹಿಡಿಸಿತು’ ಎಂಬಂಥ ಒಂದು ವಾಕ್ಯ ನಿಮ್ಮ ಅಭಿರುಚಿಯ ಬಗ್ಗೆ ಬಹಳ ಹೇಳುತ್ತದೆ. ಇಂಥ ಹತ್ತಿಪ್ಪತ್ತು ವಾಕ್ಯಗಳಾದ ಮೇಲೆ ಹಿಂದಿರುಗಿ ಓದಿದರೆ ಒಂದೇ ಸಂಗತಿ ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ: ಒಬ್ಬರಿಗೆ ನಿಧಾನ, ಇನ್ನೊಬ್ಬರಿಗೆ ಗದ್ದಲ, ಮತ್ತೊಬ್ಬರಿಗೆ ಎರಡು ಕಂಠ ಕೂಡುವ ಬಗೆ. ಮುಂದಿನ ಆಲ್ಬಮ್ಮನ್ನು ಅದನ್ನು ಆಧರಿಸಿ ಆರಿಸಿಕೊಳ್ಳಬೇಕು.

ಇಂಗ್ಲಿಷ್ ಪದಗಳು ಕಿವಿಗೆ ಸಿಕ್ಕುವುದಿಲ್ಲ ಎಂಬ ಅಡ್ಡಿ

ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು ಈ ಸಂಗೀತದಿಂದ ದೂರ ಉಳಿಯುವುದು ಈ ಒಂದು ಕಾರಣಕ್ಕೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಮತ್ತು ಅದಕ್ಕೆ ಆರ್.ಇ.ಎಂ. ತಂಡದ 1983ರ ‘ಮರ್ಮರ್’ ಆಲ್ಬಮ್ಮಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅದರಲ್ಲಿ ಮೈಕಲ್ ಸ್ಟೈಪ್ ಪದಗಳನ್ನು ಎಷ್ಟು ನುಂಗಿ ಹಾಡುತ್ತಾರೆಂದರೆ, ಇಂಗ್ಲಿಷ್ ಮನೆಮಾತಾಗಿರುವವರೂ ಅವರು ಹಾಡುತ್ತಿರುವುದೇನು ಎಂದು ವರ್ಷಗಟ್ಟಲೆ ವಾದಿಸಿದ್ದಾರೆ. ಅಂದರೆ ಈ ಆಲ್ಬಮ್ಮಿನ ಮುಂದೆ ಡೇಟನ್ನಿನ ಕೇಳುಗರೂ ದಾವಣಗೆರೆಯ ಕೇಳುಗರೂ ಬಹುಮಟ್ಟಿಗೆ ಸಮಾನರು.

ಮೊದಲ ಹಾಡನ್ನು ಹಚ್ಚಿ. ಆರಂಭದಲ್ಲಿ ಯಂತ್ರವೊಂದು ಗುಂಯ್‌ಗುಟ್ಟಿದಂಥ ಸದ್ದು ಬಂದು ಮರೆಯಾಗುತ್ತದೆ. ಆಮೇಲೆ ಡ್ರಮ್ಸ್, ಅದರ ಬೆನ್ನಿಗೇ ಬೇಸ್. ಈ ಬೇಸಿನ ಕಡೆಗೆ ಕಿವಿ ಕೊಡಬೇಕು, ಏಕೆಂದರೆ ಮೈಕ್ ಮಿಲ್ಸ್ ಅದನ್ನು ತಾಳದ ಬೆಂಬಲಕ್ಕೆ ಮಾತ್ರ ಇಟ್ಟುಕೊಳ್ಳದೆ ಅದರಲ್ಲೇ ಒಂದು ರಾಗವನ್ನು ನಡೆಸುತ್ತಾರೆ. ಗಿಟಾರ್ ನುಡಿಸುವ ಪೀಟರ್ ಬಕ್ ತಂತಿಗಳನ್ನು ಒಟ್ಟಿಗೆ ಬಾರಿಸುವುದಕ್ಕಿಂತ ಹೆಚ್ಚಾಗಿ ಒಂದೊಂದಾಗಿ ಮೀಟುತ್ತಾರೆ. ರಾಕ್ ಸಂಗೀತದಲ್ಲಿ ನಡುವೆ ಬಂದೇ ಬರುವುದೆಂದು ನಾವು ನಿರೀಕ್ಷಿಸುವ ಗಿಟಾರಿನ ಪ್ರತ್ಯೇಕ ಪ್ರದರ್ಶನ ಇಲ್ಲಿಲ್ಲ. ಪಲ್ಲವಿ ಬಂದಾಗ ಮಾತ್ರ ಎಲ್ಲ ತೆರೆದುಕೊಳ್ಳುತ್ತದೆ. ಮೂರು ಸಲ ಕೇಳಬೇಕು: ಒಮ್ಮೆ ಬೇಸನ್ನು ಮಾತ್ರ ಹಿಂಬಾಲಿಸಿ, ಇನ್ನೊಮ್ಮೆ ಗಿಟಾರನ್ನು, ಮೂರನೆಯ ಸಲ ಕಂಠವನ್ನು, ಅದೂ ಒಂದು ವಾದ್ಯವೆಂದೇ ಭಾವಿಸಿ. ಹಿಂದುಸ್ತಾನಿ ಗಾಯನದಲ್ಲಿ ಆಲಾಪವನ್ನೋ ತರಾನಾವನ್ನೋ ಅರ್ಥ ಕೇಳದೆ ಸವಿಯುವ ನಮಗೆ ಇದು ಕಷ್ಟವಾಗಬಾರದು.

ಈ ದಾರಿ ಹಿಡಿಸಿದವರು ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ತಂಡದ 1990ರ ‘ಹೆವನ್ ಆರ್ ಲಾಸ್ ವೇಗಸ್’ ಕೇಳಬಹುದು. ಅಲ್ಲಿ ಎಲಿಜಬೆತ್ ಫ್ರೇಜರ್ ಅವರ ಕಂಠ ಪದ ಮತ್ತು ಸ್ವರದ ನಡುವಿನ ಗಡಿಯಲ್ಲೇ ಸುಳಿಯುತ್ತದೆ. ಐಸ್‌ಲೆಂಡಿನ ಸಿಗುರ್ ರೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2002ರ ತಮ್ಮ ಆಲ್ಬಮ್ಮನ್ನು ಯಾವ ಭಾಷೆಗೂ ಸೇರದ ಅಕ್ಷರಗಳಲ್ಲಿ ಹಾಡಿ, ಹಾಡುಗಳಿಗೆ ಹೆಸರನ್ನೂ ಇಡದೆ ಬಿಟ್ಟರು. ಸಾಹಿತ್ಯವೇ ಮುಖ್ಯ ಎನ್ನುವವರು ಮೂರನೆಯ ಆಲಿಕೆಯ ನಂತರ ಪದಗಳನ್ನು ಮುಂದಿಟ್ಟುಕೊಂಡು ಓದಲಿ, ಅಡ್ಡಿಯಿಲ್ಲ. ಮೊದಲ ಆಲಿಕೆಯಲ್ಲೇ ಓದತೊಡಗಿದರೆ ಕಣ್ಣು ಕಿವಿಯ ಕೆಲಸವನ್ನು ಕಸಿದುಕೊಳ್ಳುತ್ತದೆ.

ಯಾವ ಬಾಗಿಲಿನಿಂದ ಒಳಗೆ

ಪುಸ್ತಕದಲ್ಲಿ ನಿಧಾನ ಎಂಬುದು ಮತ್ತೆ ಮತ್ತೆ ಬಂದಿದ್ದರೆ ಮಿನೆಸೋಟಾದ ಡುಲೂತ್ ಎಂಬ ಬಂದರು ಊರಿನ ಲೋ ತಂಡದಿಂದ ಆರಂಭಿಸಿ. 1994ರ ಅವರ ಮೊದಲ ಆಲ್ಬಮ್ ಬಂದಾಗ ಸುತ್ತಲಿನ ರಾಕ್ ಎಲ್ಲ ಅಬ್ಬರಿಸುತ್ತಿತ್ತು. ಇವರು ಅದಕ್ಕೆ ವಿರುದ್ಧವಾಗಿ ಲಯವನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿದರು. ಮಿಮಿ ಪಾರ್ಕರ್ ನಿಂತುಕೊಂಡು, ಎರಡು ಮೂರು ವಾದ್ಯಗಳನ್ನಷ್ಟೇ ಇಟ್ಟುಕೊಂಡು, ಹೆಚ್ಚಾಗಿ ಬ್ರಷ್‌ಗಳಲ್ಲೇ ತಾಳ ಹಾಕುತ್ತಿದ್ದರು. ಅವರ ಮತ್ತು ಪತಿ ಆ್ಯಲನ್ ಸ್ಪಾರ್‌ಹಾಕರ ಕಂಠಗಳು ಒಂದರ ಪಕ್ಕ ಒಂದು ನಡೆಯುತ್ತವೆ. ವಿಲಂಬಿತದ ರುಚಿ ಇರುವವರಿಗೆ ಇಲ್ಲಿ ಮನೆಗೆ ಬಂದಂತಾಗುತ್ತದೆ. 2022ರಲ್ಲಿ ಪಾರ್ಕರ್ ತೀರಿಕೊಂಡರು.

ಏರಿಳಿತ ಹಿಡಿಸುವವರಿಗೆ ಬಾಸ್ಟನ್ನಿನ ಪಿಕ್ಸೀಸ್ ಇದ್ದಾರೆ. ಚರಣದಲ್ಲಿ ಬೇಸ್ ಮತ್ತು ಡ್ರಮ್ಸ್ ಮಾತ್ರ ತಣ್ಣಗೆ ನಡೆದು, ಪಲ್ಲವಿಯಲ್ಲಿ ಗಿಟಾರು ಕಿರುಚಾಟಗಳೆಲ್ಲ ಒಮ್ಮೆಲೇ ನುಗ್ಗುವ ವಿನ್ಯಾಸವನ್ನು ಅವರು ಎಷ್ಟು ಚೆನ್ನಾಗಿ ಬಳಸಿದರೆಂದರೆ, ಮುಂದಿನ ದಶಕದ ರಾಕ್ ಸಂಗೀತದ ಅರ್ಧದಷ್ಟು ಅದನ್ನೇ ಅನುಕರಿಸಿತು. 1988ರ ‘ಸರ್ಫರ್ ರೋಸಾ’ ಮತ್ತು 1989ರ ‘ಡೂಲಿಟಲ್’ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುವುದು ಒಳ್ಳೆಯ ಪಾಠ. ಮೊದಲನೆಯದನ್ನು ಮುದ್ರಿಸಿದ ಸ್ಟೀವ್ ಆಲ್ಬಿನಿ ಡ್ರಮ್ಸ್ ಬಾರಿಸಿದ ಕೋಣೆಯ ಪ್ರತಿಧ್ವನಿಯನ್ನೂ ಹಾಗೆಯೇ ಉಳಿಸಿದರು. ಎರಡನೆಯದನ್ನು ಗಿಲ್ ನಾರ್ಟನ್ ಹೆಚ್ಚು ನುಣುಪಾಗಿಸಿದರು. ನನಗೆ ಮೊದಲನೆಯದೇ ಹೆಚ್ಚು. ನುಣುಪು ಬಯಸುವವರಿಗೆ ಎರಡನೆಯದು. ಇವೆರಡರಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೆ ನಿಮ್ಮ ಮುಂದಿನ ದಾರಿ ನಿಜಕ್ಕೂ ಬೇರೆಯಾಗುತ್ತದೆ.

ಒರಟಾದ, ಅರ್ಧ ಮುಗಿಸಿ ಬಿಟ್ಟಂಥ ಮುದ್ರಣದಲ್ಲಿ ಒಂದು ಸೊಗಸಿದೆ ಎನ್ನುವವರು ಗೈಡೆಡ್ ಬೈ ವಾಯ್ಸಸ್ ತಂಡದ 1994ರ ‘ಬೀ ಥೌಸಂಡ್’ ಕೇಳಬೇಕು. ಅದರ ಮುಖ್ಯ ಗಾಯಕ ರಾಬರ್ಟ್ ಪೊಲಾರ್ಡ್ ಶಾಲಾ ಮೇಷ್ಟರಾಗಿದ್ದವರು. ಇಪ್ಪತ್ತು ಹಾಡು, ಬಹುಪಾಲು ಎರಡು ನಿಮಿಷ ದಾಟದವು, ಗ್ಯಾರೇಜು ನೆಲಮಾಳಿಗೆಗಳಲ್ಲಿ ಕ್ಯಾಸೆಟ್ಟಿಗೆ ಮುದ್ರಿಸಿಕೊಂಡವು. ಕೇಳುವಾಗ ಟೇಪಿನ ಹಿಸ್ಸೆಂಬ ಸದ್ದೂ ಹಾಡಿನ ಭಾಗವೇ ಆಗಿಬಿಡುತ್ತದೆ. ಮೊದಲ ಸಲ ಇದು ಕಳಪೆ ಎನಿಸುವ ಸಾಧ್ಯತೆ ಹೆಚ್ಚು. ಆದರೆ ಆ ಕಲಮಲದ ಅಡಿಯಲ್ಲಿರುವ ರಾಗಗಳು ಮರುದಿನ ಬೆಳಿಗ್ಗೆ ಬಾಯಲ್ಲಿ ತಾವಾಗಿ ಗುನುಗತೊಡಗಿದರೆ ನಿಮ್ಮ ಬಾಗಿಲು ಇದೇ ಎಂದು ತಿಳಿಯಿರಿ.

ಗದ್ದಲವೇ ಬೇಕೆನ್ನುವವರಿಗೆ ಮೈ ಬ್ಲಡಿ ವ್ಯಾಲಂಟೈನ್ ತಂಡದ 1991ರ ‘ಲವ್‌ಲೆಸ್’. ಕೆವಿನ್ ಶೀಲ್ಡ್ಸ್ ಗಿಟಾರಿನ ಕಂಪನದ ಕೋಲನ್ನು ಹಿಡಿದುಕೊಂಡೇ ತಂತಿ ಬಾರಿಸುವುದರಿಂದ ಸ್ವರ ಎಲ್ಲಿಯೂ ನೆಲೆ ನಿಲ್ಲದೆ ತೇಲುತ್ತದೆ. ಗದ್ದಲ ಅಬ್ಬರವಾಗದೆ ಮಂಜಿನಂತೆ ಹರಡುವುದು ಅದರಿಂದಲೇ. ಹೊಸ ಶತಮಾನದ ನ್ಯೂಯಾರ್ಕ್ ತಂಡಗಳ ಬಗ್ಗೆ ಬೇಕಾದಷ್ಟು ಮಾತು ಎಲ್ಲೆಡೆ ಸಿಗುತ್ತದೆ. ದ ಸ್ಟ್ರೋಕ್ಸ್‌ನ 2001ರ ಮೊದಲ ಆಲ್ಬಮ್ ಒಂದನ್ನು ಕೇಳಿ ಮುಂದೆ ಹೋಗಬಹುದು. ಇತ್ತೀಚಿನದರಲ್ಲಿ ಕೆನಡಾದ ಆಲ್ವೇಸ್ ತಂಡದ 2022ರ ‘ಬ್ಲೂ ರೆವ್’, ಉತ್ತರ ಕೆರೊಲಿನಾದ ಆ್ಯಶ್‌ವಿಲ್ ಎಂಬ ಸಣ್ಣ ಊರಿನ ವೆನ್ಸ್‌ಡೇ ತಂಡದ 2023ರ ‘ರ್‍ಯಾಟ್ ಸಾ ಗಾಡ್’ ಎರಡನ್ನು ಹೆಸರಿಸುತ್ತೇನೆ.

ಒಂದು ವಾರಕ್ಕೆ ಒಂದೇ ಆಲ್ಬಮ್ ಸಾಕು. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಇಟ್ಟಿರುವ ಕ್ರಮದಲ್ಲೇ ಕೇಳಬೇಕು. ಬಹುತೇಕ ಆಲ್ಬಮ್‌ಗಳು 35ರಿಂದ 45 ನಿಮಿಷ ಇರುತ್ತವೆ. ಕುಂದವಾಡ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಹೋಗುವವರಿಗೆ ಅದು ಸರಿಯಾದ ಅಳತೆ. ಬೈಕಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಹೋಗುವುದು ಕೇಳುವುದಕ್ಕೂ ಕೆಟ್ಟದ್ದು, ತಲೆಗೂ ಕೆಟ್ಟದ್ದು.

ಎಲ್ಲಿ ಕೇಳುವುದು

ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಎರಡೂ ಭಾರತಕ್ಕೆ ಬಂದದ್ದು 2019ರಲ್ಲಿ. ಮೇಲೆ ಹೇಳಿದ ಆಲ್ಬಮ್‌ಗಳ ಬಹುಪಾಲು ಅಲ್ಲಿ ಸಿಗುತ್ತದೆ. ಅವುಗಳನ್ನು ಗ್ರಂಥಾಲಯದಂತೆ ಬಳಸಿ, ಆಯ್ಕೆಯನ್ನು ಅವುಗಳ ಕೈಗೆ ಕೊಡಬೇಡಿ. ಅದಕ್ಕಾಗಿ ಸೆಟ್ಟಿಂಗ್ಸ್‌ಗೆ ಹೋಗಿ, ಆಲ್ಬಮ್ ಮುಗಿದ ಮೇಲೆ ತಾನಾಗಿ ಬೇರೆ ಹಾಡು ಶುರುವಾಗುವ ಆಟೋಪ್ಲೇ ಸೌಲಭ್ಯವನ್ನು ನಿಲ್ಲಿಸಿಬಿಡಿ; ಒಂದು ಹಾಡಿನ ಬಾಲವನ್ನು ಇನ್ನೊಂದರ ತಲೆಗೆ ಬೆಸೆಯುವ ಕ್ರಾಸ್‌ಫೇಡನ್ನೂ ನಿಲ್ಲಿಸಿ. ಹೆಚ್ಚಿನ ಗುಣಮಟ್ಟದ 320 ಕೆಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 144 ಎಂಬಿ ಡೇಟಾ ಖರ್ಚಾಗುತ್ತದೆ, ಆದ್ದರಿಂದ ಮನೆಯ ವೈಫೈನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳುವುದು ಮೇಲು. ಉಚಿತ ಖಾತೆಯಲ್ಲಿ ಜಾಹೀರಾತು ನಡುವೆ ನುಗ್ಗಿ ಲೋ ತಂಡದ ನಿಧಾನವನ್ನೆಲ್ಲ ಹಾಳುಮಾಡುತ್ತದೆ ಎಂಬುದನ್ನೂ ಹೇಳಿಬಿಡಬೇಕು.

ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ ಬೇರೆ ಬಗೆಯದು, ಇಂಡೀ ರಾಕ್ ಕೇಳುವವರಿಗೆ ಅತ್ಯಂತ ಉಪಯುಕ್ತವಾದದ್ದು. ಅಲ್ಲಿ ತಂಡವೇ ತನ್ನ ಆಲ್ಬಮ್ಮಿಗೆ ಬೆಲೆ ಕಟ್ಟುತ್ತದೆ, ಕೆಲವರು ನಿಮಗೆ ತೋಚಿದಷ್ಟು ಕೊಡಿ ಎಂದು ಬಿಟ್ಟುಬಿಡುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಸಂಸ್ಥೆ ಇಟ್ಟುಕೊಳ್ಳುವುದು ಶೇಕಡ 15. ಕೊಳ್ಳುವ ಮೊದಲು ಪೂರ್ತಿ ಕೇಳಿ ನೋಡಬಹುದು, ಕೊಂಡ ಮೇಲೆ ಧ್ವನಿಯ ಗುಣ ಕುಗ್ಗದ ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಂಡು ಸ್ವಂತದ್ದಾಗಿ ಇಟ್ಟುಕೊಳ್ಳಬಹುದು. 2020ರ ಮಾರ್ಚಿನಲ್ಲಿ, ಕೋವಿಡ್ಡಿನಿಂದ ಸಂಗೀತ ಕಛೇರಿಗಳೆಲ್ಲ ನಿಂತುಹೋದಾಗ, ಕೆಲವು ಶುಕ್ರವಾರಗಳಂದು ಸಂಸ್ಥೆ ತನ್ನ ಪಾಲನ್ನು ಬಿಟ್ಟುಕೊಡುವ ಪದ್ಧತಿ ಆರಂಭವಾಯಿತು. ಕೊಳ್ಳುವುದಿದ್ದರೆ ಆ ಶುಕ್ರವಾರಕ್ಕೆ ಕಾಯಬಹುದು. ನಮ್ಮ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಸಾಮಾನ್ಯವಾಗಿ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆದು, ಖರೀದಿ ಮುಗಿದ ಕೂಡಲೇ ಮತ್ತೆ ಮುಚ್ಚಿಬಿಡಿ. ಊರಿನ ಹೆಸರಿನಿಂದ ಹುಡುಕುವ ಸೌಲಭ್ಯವೂ ಅಲ್ಲಿದೆ. ಬೆಂಗಳೂರು ಎಂದು ಆರಿಸಿದರೆ ಪತ್ರಿಕೆಗಳಲ್ಲಿ ಎಂದೂ ಹೆಸರು ಕಾಣದ ತಂಡಗಳು ಸಿಗುತ್ತವೆ.

ಇನ್ನು ಬಾನುಲಿ. ಮನುಷ್ಯರು ಆರಿಸಿ, ಹಿಂದೆ ಮುಂದೆ ಜೋಡಿಸಿ, ನಡುವೆ ಒಂದೆರಡು ಮಾತು ಹೇಳಿ ಹಾಡು ಹಾಕುವುದಕ್ಕೂ ಯಂತ್ರ ಹಾಕುವುದಕ್ಕೂ ಇರುವ ವ್ಯತ್ಯಾಸ ಎರಡು ವಾರದಲ್ಲಿ ತಿಳಿದುಬಿಡುತ್ತದೆ. ಸಿಯಾಟಲ್ಲಿನ ಕೆಇಎಕ್ಸ್‌ಪಿ ಕೇಂದ್ರ ಜಾಹೀರಾತಿಗಿಂತ ಕೇಳುಗರ ದೇಣಿಗೆಯನ್ನೇ ನೆಚ್ಚಿಕೊಂಡು ನಡೆಯುವಂಥದ್ದು. ಅದರ ನೇರ ಪ್ರಸಾರವನ್ನು ಅಂತರಜಾಲದಲ್ಲಿ ಉಚಿತವಾಗಿ ಕೇಳಬಹುದು. ಅಲ್ಲಿ ಬೆಳಗಿನ 7 ಗಂಟೆ ಎಂದರೆ ಮಾರ್ಚ್ ನಡುವಿನಿಂದ ನವೆಂಬರ್ ಆರಂಭದವರೆಗೆ ನಮ್ಮಲ್ಲಿ ಸಂಜೆ 7.30, ಉಳಿದ ತಿಂಗಳುಗಳಲ್ಲಿ ರಾತ್ರಿ 8.30, ಅವರ ಬೆಳಗಿನ ಕಾರ್ಯಕ್ರಮ ನಮ್ಮ ರಾತ್ರಿಯೂಟದ ಹೊತ್ತಿಗೆ ಸರಿಯಾಗಿ ಒದಗುತ್ತದೆ. ಈಗ ಬರುತ್ತಿರುವ ಹಾಡು ಯಾವುದು, ಯಾವ ಆಲ್ಬಮ್ಮಿನದು, ಯಾವ ಲೇಬಲ್ಲಿನದು (ಹೊರತಂದ ಸಂಸ್ಥೆ ಯಾವುದು) ಎಂಬುದೆಲ್ಲ ಅವರ ಪುಟದಲ್ಲಿ ಕಾಣುತ್ತಿರುತ್ತದೆ. ತಂಡಗಳನ್ನು ತಮ್ಮ ಸ್ಟುಡಿಯೋಕ್ಕೆ ಕರೆಸಿ ನುಡಿಸಿರುವ ವಿಡಿಯೊಗಳು ಯೂಟ್ಯೂಬಿನಲ್ಲಿವೆ. ಗಿಟಾರ್ ಕಲಿಯುತ್ತಿರುವವರಿಗೆ ಬೆರಳುಗಳನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಇನ್ನೂ ವಿಚಿತ್ರವಾದದ್ದು ಬೇಕಿದ್ದರೆ ಜರ್ಸಿ ಸಿಟಿಯ ಡಬ್ಲ್ಯುಎಫ್‌ಎಂಯು ಇದೆ. ಅಲ್ಲಿ ನಿರೂಪಕರು ಮನಸ್ಸಿಗೆ ಬಂದದ್ದನ್ನು ಹಾಕುತ್ತಾರೆ, ವರ್ಷಗಳ ಹಿಂದಿನ ಕಾರ್ಯಕ್ರಮಗಳೂ ಹಾಡುಗಳ ಪಟ್ಟಿಯೊಡನೆ ಉಳಿದಿವೆ.

ಸಲಕರಣೆಗೆ ಹೆಚ್ಚು ಹಣ ಬೇಡ. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗಿನ ವಯರು ಇರುವ ಇಯರ್‌ಫೋನು ಅದೇ ಬೆಲೆಯ ಬ್ಲೂಟೂತಿಗಿಂತ ಸಾಮಾನ್ಯವಾಗಿ ಮೇಲು. ಅದರ ಜೊತೆ ಬರುವ ರಬ್ಬರ್ ತುದಿಗಳಲ್ಲಿ ನಿಮ್ಮ ಕಿವಿಗೆ ಬಿಗಿಯಾಗಿ ಕೂಡುವ ಅಳತೆಯನ್ನೇ ಹಾಕಿಕೊಳ್ಳಬೇಕು. ಎಡೆ ಉಳಿದರೆ ಮೊದಲು ಮಾಯವಾಗುವುದು ಬೇಸ್, ಆಗ ‘ಮರ್ಮರ್’ ಕೇಳಿದರೂ ಮಿಲ್ಸ್ ಅವರನ್ನು ಕೇಳಿದಂತಾಗುವುದಿಲ್ಲ. ಹಾಸ್ಟೆಲಿನಲ್ಲಿರುವವರು ಸದ್ದು ಏರಿಸಿ ಕೇಳುವ ಅಭ್ಯಾಸ ಬಿಡಬೇಕು: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ.

ಒಂದು ಎಳೆಯಿಂದ ಇನ್ನೊಂದಕ್ಕೆ

ಒಂದು ಆಲ್ಬಮ್ ಹಿಡಿಸಿದ ಮೇಲೆ ಮುಂದಿನದನ್ನು ಹುಡುಕಲು ನಂಬಬಹುದಾದ ಎಳೆಗಳು ಎರಡು. ಒಂದು ಲೇಬಲ್. ಪಿಕ್ಸೀಸ್ ಮತ್ತು ಕಾಕ್ಟೋ ಟ್ವಿನ್ಸ್ ಎರಡೂ ಕೇಳಲು ಪೂರ್ತಿ ಬೇರೆಯಾದರೂ ಲಂಡನ್ನಿನ 4ಎಡಿ ಎಂಬ ಒಂದೇ ಸಂಸ್ಥೆಯಿಂದ ಬಂದವು; ಅದರ ಪಟ್ಟಿಯಲ್ಲಿ ಕೈಯಾಡಿಸಿದರೆ ಒಬ್ಬ ಒಳ್ಳೆಯ ಪ್ರಕಾಶಕನ ಪುಸ್ತಕಗಳಲ್ಲಿರುವಂಥ ಏಕಸೂತ್ರತೆ ಕಾಣುತ್ತದೆ. ಡನೀಡಿನ್ ತಂಡಗಳಿಗೆ ಫ್ಲೈಯಿಂಗ್ ನನ್, ಉತ್ತರ ಕೆರೊಲಿನಾಕ್ಕೆ 1989ರಲ್ಲಿ ಇಬ್ಬರು ಸಂಗೀತಗಾರರೇ ಆರಂಭಿಸಿದ ಮರ್ಜ್. ಈ ಮರ್ಜ್ ಸಂಸ್ಥೆ ಹೊರತಂದ ಆರ್ಕೇಡ್ ಫೈರ್ ತಂಡದ ಆಲ್ಬಮ್ಮಿಗೆ 2011ರಲ್ಲಿ ವರ್ಷದ ಆಲ್ಬಮ್ಮೆಂಬ ಗ್ರ್ಯಾಮಿ ಬಂದಾಗ ದೊಡ್ಡ ಕಂಪನಿಗಳು ಕಣ್ಣು ಮಿಟುಕಿಸಿದವು. ಇನ್ನೊಂದು ಎಳೆ ಧ್ವನಿಮುದ್ರಕ. 2024ರಲ್ಲಿ ತೀರಿಕೊಂಡ ಆಲ್ಬಿನಿ ಮಾರಾಟದಲ್ಲಿ ಪಾಲು ಬೇಡವೆಂದು ನಿಗದಿತ ಕೂಲಿ ಮಾತ್ರ ಪಡೆಯುತ್ತಿದ್ದವರು. ಅವರು ಮುದ್ರಿಸಿದ್ದನ್ನು ಹುಡುಕುತ್ತ ಹೋದರೆ ವರ್ಷ ಕಳೆಯಬಹುದು.

ಭಾರತದ ತಂಡಗಳನ್ನು ಕೊನೆಗಿಡಬೇಡಿ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯ 2019ರ ‘ಬಿಸ್ಮಿಲ್ಲಾ’, ಕಾಶ್ಮೀರಿ ಮತ್ತು ಉರ್ದುವಿನಲ್ಲಿ ಹಾಡುವ ಬೆಂಗಳೂರಿನ ಪರ್ವಾಜ್ ತಂಡದ 2014ರ ‘ಬಾರಾನ್’, ಚೆನ್ನೈನ ದ ಎಫ್16ಸ್ ಹಾಡುಗಳು ವಿದೇಶಿ ತಂಡಗಳ ಪಕ್ಕದಲ್ಲಿ ತಲೆತಗ್ಗಿಸಬೇಕಾದವಲ್ಲ. ಕನ್ನಡದಲ್ಲಿ ರಘು ದೀಕ್ಷಿತ್, ಸ್ವರಾತ್ಮ ಮುಂತಾದವರದ್ದು ಹೆಚ್ಚಾಗಿ ಜಾನಪದಕ್ಕೆ ಅಂಟಿದ ರಾಕ್. ಮೇಲೆ ವಿವರಿಸಿದಂಥ ನಾದದ ಕನ್ನಡ ತಂಡಗಳು ವಿರಳ. ಆ ಖಾಲಿ ಜಾಗ ನನಗೆ ಬೇಸರ ತರಿಸುತ್ತದೆ, ನಮ್ಮ ಕಾಲೇಜು ತಂಡಗಳು ಆ ಒಂದು ಇಂಗ್ಲಿಷ್ ಹಾಡಿನ ಬದಲು ಸ್ವಂತದ ಒಂದನ್ನು ನುಡಿಸಿದರೂ ಆರಂಭವಾದೀತು.

ನೇರವಾಗಿ ಕೇಳಲು ಬೆಂಗಳೂರಿಗೆ

ವರ್ಷಕ್ಕೆ ಒಂದೆರಡು ಸಲವಾದರೂ ವಾದ್ಯಗಳ ಎದುರು ನಿಂತು ಕೇಳಬೇಕು, ಬೇಸ್ ಎದೆಗೆ ತಟ್ಟುವುದು ಅಲ್ಲಿಯೇ. ಜಾಗಗಳ ಹೆಸರು ನಂಬಿ ಹೊರಡಬೇಡಿ: ಇಂದಿರಾನಗರದ ಹೆಸರಾಂತ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು, ಬೇರೆಯವೂ ತೆರೆದು ಮುಚ್ಚುತ್ತಿರುತ್ತವೆ. ಅದಕ್ಕಿಂತ ತಂಡಗಳನ್ನೇ ಇನ್‌ಸ್ಟಾಗ್ರಾಮಿನಲ್ಲಿ ಹಿಂಬಾಲಿಸಿ, ಸ್ಕಿಲ್‌ಬಾಕ್ಸ್ ಮತ್ತು ಬುಕ್‌ಮೈಶೋನಲ್ಲಿ ದಿನಾಂಕ ನೋಡಿಕೊಳ್ಳಿ. ಪಬ್ಬುಗಳಲ್ಲಿ ಹಲವೆಡೆ 21 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ, ಆಧಾರ್ ಕೇಳುತ್ತಾರೆ. ಪಿಯುಸಿ, ಪದವಿ ಓದುವವರು ಸಭಾಂಗಣದ ಕಾರ್ಯಕ್ರಮಗಳನ್ನೇ ಆರಿಸಿಕೊಳ್ಳಬೇಕು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಹೆಚ್ಚಿನ ಕಾರ್ಯಕ್ರಮಗಳು ಉಚಿತ.

ದೂರ ಸುಮಾರು 260 ಕಿಲೋಮೀಟರು. ಹೋಗುವಾಗ ರೈಲು ಒಳ್ಳೆಯದು. ಹುಬ್ಬಳ್ಳಿ ಕಡೆಯಿಂದ ಬರುವ ಜನಶತಾಬ್ದಿ, 2023ರಿಂದ ಓಡುತ್ತಿರುವ ಧಾರವಾಡ–ಬೆಂಗಳೂರು ವಂದೇ ಭಾರತ್ ಎರಡೂ ದಾವಣಗೆರೆಯಲ್ಲಿ ನಿಲ್ಲುತ್ತವೆ. ಎಂಟಕ್ಕೆ ಎಂದು ಹೇಳಿದ ಕಾರ್ಯಕ್ರಮ ಒಂಬತ್ತಕ್ಕೆ ಮೊದಲು ಆರಂಭವಾಗುವುದು ಅಪರೂಪ, ಮುಗಿಯುವಾಗ ಹನ್ನೊಂದರ ಹತ್ತಿರ. ಆದ್ದರಿಂದ ಮರಳಲು ರಾತ್ರಿಯ ಬಸ್ಸನ್ನು ಹನ್ನೊಂದೂವರೆಯ ನಂತರದ್ದೇ ಕಾದಿರಿಸಿ, ಹತ್ತುವ ಜಾಗವನ್ನು ಮೆಜೆಸ್ಟಿಕ್ ಬದಲು ಯಶವಂತಪುರ ಅಥವಾ ಗೊರಗುಂಟೆಪಾಳ್ಯಕ್ಕೆ ಇಟ್ಟುಕೊಂಡರೆ ಇನ್ನೊಂದು ಅರ್ಧ ಗಂಟೆ ಸಿಗುತ್ತದೆ. ಬಾಗಿಲ ಬಳಿಯ ಮೇಜಿನಲ್ಲಿ ತಂಡದ ಸಿಡಿಯೋ ಅಂಗಿಯೋ ಇದ್ದರೆ ಕಾರ್ಯಕ್ರಮಕ್ಕೆ ಮೊದಲೇ ಕೊಳ್ಳಿ, ಆಮೇಲೆ ಓಡುವ ಆತುರದಲ್ಲಿ ಆಗುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಗೆ ಹೋಗುವ ಬಸ್ಸು ದಾವಣಗೆರೆಯ ಊರೊಳಗೆ ಬರುತ್ತದೆಯೋ ಬೈಪಾಸಿನಲ್ಲೇ ಇಳಿಸಿಬಿಡುತ್ತದೆಯೋ ಎಂದು ಕಂಡಕ್ಟರನ್ನು ಹತ್ತುವಾಗಲೇ ಕೇಳಿಕೊಳ್ಳಬೇಕು. ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿ ಆಟೊ ಸಿಗುವುದು ಕಷ್ಟ.